ಕರೆಂಟು ಹೋದ ದಿನದ ಊಟ

ನಮ್ಮಪ್ಪನ ಪ್ರಕಾರ ಹೋಟೆಲಿನಲ್ಲಿ ಉಣ್ಣುವವರು ಎಂದರೆ ಒಂದೋ ಹೆಂಡತಿ ಸತ್ತವರು, ಇಲ್ಲವೇ ಕೋರ್ಟು ಕಚೇರಿಗೆ ಅಲೆಯುವವರು. ಹೀಗೆ ಹೇಳುವ ಮನುಷ್ಯ ತನ್ನ ಜಮೀನಿನ ರಸ್ತೆ ಬದಿಗೆ ಸಾಲಾಗಿ ಶೀಟಿನ ಕೊಠಡಿ ಕಟ್ಟಿ, ಅಷ್ಟನ್ನೂ ಹೋಟೆಲಿನವರಿಗೇ ಬಾಡಿಗೆಗೆ ಕೊಟ್ಟಿದ್ದ. ಪೀಣ್ಯದ ಕಾರ್ಖಾನೆಗಳಿಗೆಂದು ನಮ್ಮ ಹೊಲದ ಬಹುಪಾಲು ಹೋಗಿತ್ತು. ತುಮಕೂರು ರಸ್ತೆಗೆ ಅಂಟಿಕೊಂಡ ಒಂದು ಪಟ್ಟೆ ಉಳಿದಿತ್ತು. ಅಲ್ಲಿ ಮೊದಲು ಉಡುಪಿಯವರು ಬಂದರು, ಆಮೇಲೆ ಮಿಲಿಟರಿ ಹೋಟೆಲಿನವರು, ಆಂಧ್ರದವರು, ಕೊನೆಗೆ ಕೇರಳದ ಒಬ್ಬ ಹೆಂಗಸು ಮತ್ತು ಅವಳ ಗಂಡ. ಪಟ್ಟೆಯ ತುದಿಯ ಬಯಲಿನಲ್ಲಿ ಸರ್ದಾರ್ಜಿಯೊಬ್ಬ ಲಾರಿಯವರಿಗಾಗಿ ಹಗ್ಗದ ಮಂಚ ಹಾಕಿ ಢಾಬಾ ಶುರು ಮಾಡಿದ. ಒಳಗೆ ಯಾರು ಏನು ಬೇಯಿಸುತ್ತಾರೆ ಎಂದು ಅಪ್ಪ ಒಂದು ದಿನವೂ ತಲೆ ಹಾಕಿ ನೋಡಿದವನಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತ ಮೇಲೆ ನಾನು ಅದೇ ರಸ್ತೆಯ ಒಳಗಿನ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ರೇಡಿಯೊಗಳಿಗೆ ಬೇಕಾದ ತಂತಿಯ ಸುರುಳಿ ಸುತ್ತುವ ಕೆಲಸ, ಎಲ್ಲ ಹೆಂಗಸರೇ. ಕಳಿಸುವ ಮೊದಲು ಅಪ್ಪ ಒಂದೇ ಷರತ್ತು ಹಾಕಿದ್ದ. "ಡಬ್ಬಿ ತಗಂಡೋಗು, ಡಬ್ಬೀನೇ ಉಣ್ಣು. ಓಟ್ಲು ಮೆಟ್ಲು ಅತ್ತಿದ್ದು ಕಂಡ್ರೆ ಅವತ್ತಿಗೇ ಕೆಲ್ಸ ಬಂದ್."

ನನ್ನ ಜೊತೆ ಅದೇ ದಿನ ಸೇರಿದ ಇನ್ನೊಬ್ಬಳೂ ನಮ್ಮೂರಿನವಳೇ, ಕೆಳಗೇರಿಯವಳು. ಅವಳ ತಾಯಿ ನಮ್ಮ ಹಿತ್ತಿಲಿನ ಕೆಲಸಕ್ಕೆ ಬರುತ್ತಿದ್ದಳು: ಕೊಟ್ಟಿಗೆ ಬಾಚುವುದು, ರಾಗಿ ಕೇರುವುದು, ಹಬ್ಬದ ದಿನ ಊಟವಾದ ಮೇಲೆ ಪಡಸಾಲೆಯ ಸಾಲಿನ ಎಂಜಲೆಲೆಯನ್ನೆಲ್ಲ ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕುವುದು. ಮಗಳು ಚಿಕ್ಕವಳಿದ್ದಾಗ ತಾಯಿಯ ಹಿಂದೆ ಇನ್ನೊಂದು ಬುಟ್ಟಿ ಹಿಡಿದು ಬರುತ್ತಿದ್ದಳು. ಶಾಲೆಯಲ್ಲಿ ನಾವಿಬ್ಬರೂ ಒಂದೇ ತರಗತಿ. ಲೆಕ್ಕದಲ್ಲಿ ಅವಳು ನನಗಿಂತ ಬಹಳ ಮುಂದೆ, ಅದನ್ನು ನಾನು ಆಗಲೂ ಒಪ್ಪಿಕೊಳ್ಳುತ್ತಿದ್ದೆ, ಹೊಟ್ಟೆ ಉರಿದುಕೊಂಡೇ.

ಮೊದಲನೆಯ ದಿನ ಬಸ್ಸಿಗೆ ಕಾಯುವಾಗ ಅವಳು ರಸ್ತೆ ನೋಡುತ್ತಾ ಹೇಳಿದಳು. "ಅಕ್ಕಯ್ಯ, ಪೀಣ್ಯದಾಗೆ ನಂದು ಯಾವ ಕೇರಿ ಅಂತ ಒಬ್ರಿಗೂ ಗೊತ್ತಿಲ್ಲ. ನೀವೊಬ್ರು ಬಾಯಿ ಬುಡ್ದಿದ್ರೆ ಸಾಕು."

"ನಾನ್ಯಾಕೆ ಹೇಳ್ಲಿ, ಹೋಗೇ," ಎಂದೆ. ನಮ್ಮೂರ ಟೀ ಅಂಗಡಿಯಲ್ಲಿ ಕೆಳಗೇರಿಯವರ ಲೋಟ ಹೊರಗಿನ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು. ಕುಡಿದವರು ತೊಳೆದು ಅಲ್ಲಿಯೇ ಬೋರಲು ಹಾಕಿ ಹೋಗಬೇಕು. ಆ ಗೂಡನ್ನು ನಾನು ದಿನಾ ನೋಡುತ್ತಿದ್ದೆ. ಅವಳು ಕೇಳಿದ್ದು ಏನು ಎಂದು ನನಗೆ ಚೆನ್ನಾಗಿ ಅರ್ಥವಾಗಿತ್ತು, ಮಾತು ಕೊಟ್ಟೆ.

ಮೊದಲ ಕೆಲವು ತಿಂಗಳು ನಾವು ಡಬ್ಬಿಯನ್ನೇ ತಿಂದೆವು. ಆ ಬೇಸಿಗೆಯಲ್ಲಿ ಕರೆಂಟು ಕೈಕೊಡಲು ಶುರುಮಾಡಿತು. ವಾರಕ್ಕೆರಡು ದಿನ ಮಧ್ಯಾಹ್ನ ಹೋದರೆ ಎರಡು ಗಂಟೆ ಬರುತ್ತಿರಲಿಲ್ಲ. ಯಂತ್ರ ನಿಂತ ಮೇಲೆ ಶೆಡ್ಡಿನೊಳಗೆ ಕೂತರೆ ಶೀಟಿನ ಕಾವಿಗೆ ತಲೆ ಸಿಡಿಯುತ್ತಿತ್ತು. ಮಾಲೀಕರು, ಹೊರಗೆ ಹೋಗಿ ಊಟ ಮಾಡಿ ಬನ್ನಿ ಎಂದುಬಿಡುತ್ತಿದ್ದರು. ನಮ್ಮ ಸಾಲಿನ ಉಸ್ತುವಾರಿಗೆ ಕೋಲಾರದ ಚಿನ್ನದ ಗಣಿ ಕಡೆಯ ಒಬ್ಬ ತಮಿಳು ಹೆಂಗಸು ಇದ್ದಳು, ನಾವು ಲೈನ್ ಅಕ್ಕ ಎನ್ನುತ್ತಿದ್ದೆವು. ಒಂದು ದಿನ ಅವಳು ನಮ್ಮಿಬ್ಬರ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. "ಸಾಯಂಕಾಲ ಬಸ್ಸಲ್ಲಿ ತಿನ್ನಿ ಇದು. ಈಗ ನನ್ ಜೊತೆ ವಾಂಗಮ್ಮಾ."

ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದರೆ ನಾಲ್ಕರ ತನಕ ಏಳುವವನಲ್ಲ. ಆ ಧೈರ್ಯದ ಮೇಲೆ ಹೋದೆ.

ಉಡುಪಿ ಹೋಟೆಲಿನಲ್ಲಿ ನನಗಾದ ಮೊದಲ ಆಘಾತವೆಂದರೆ ಸಾಂಬಾರು ಸಿಹಿಯಾಗಿತ್ತು. ಅಡುಗೆಯವರು ತಪ್ಪಿ ಬೆಲ್ಲ ಹಾಕಿದ್ದಾರೆಂದುಕೊಂಡು ನಾನು ಸಪ್ಲೈಯರನ್ನು ಕರೆದು ಮೆಲ್ಲಗೆ ಹೇಳಿದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ಎರಡನೆಯದು, ಎದುರು ಕುರ್ಚಿಯಲ್ಲಿ ಯಾರೋ ಗೊತ್ತಿಲ್ಲದ ಗಂಡಸು ಬಂದು ಕೂತು, ನನ್ನ ಮುಖ ನೋಡುತ್ತಲೇ ದೋಸೆ ಮುರಿದದ್ದು. ನಮ್ಮ ಮನೆಯಲ್ಲಿ ಹೆಂಗಸರು ಉಣ್ಣುವುದನ್ನು ಗಂಡಸರು ನೋಡುವುದೇ ಇಲ್ಲ, ಅವರು ಎದ್ದು ಹೋದ ಮೇಲೆಯೇ ನಮ್ಮ ತಟ್ಟೆ ಕೆಳಗಿಳಿಯುವುದು. ನಾನು ಗೋಡೆಯ ಕಡೆ ತಿರುಗಿ ಕೂತು ಉಂಡೆ. ಪಕ್ಕದಲ್ಲಿ ನಮ್ಮೂರಿನವಳು ತನಗೆ ಕೊಟ್ಟ ಸ್ಟೀಲ್ ಲೋಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು, "ಎಲ್ಲಾರ್ದೂ ಇದೇ ಲೋಟನಾ ಅಕ್ಕಯ್ಯ?"

"ಹ್ಞೂಂ, ಕುಡಿ," ಎಂದೆ. ಅವಳು ಕಾಫಿಯನ್ನು ಬಿಸಿ ಬಿಸಿಯಾಗಿ ಒಂದೇ ಸಲಕ್ಕೆ ಕುಡಿದಳು, ಯಾರಾದರೂ ಕಿತ್ತುಕೊಳ್ಳುತ್ತಾರೇನೋ ಎಂಬ ಹಾಗೆ.

ಆಮೇಲೆ ನಮಗೆ ರುಚಿ ಹತ್ತಿಬಿಟ್ಟಿತು. ಕರೆಂಟು ಹೋಗಲಿ ಎಂದು ನಾನು ದೇವರಿಗೆ ಕೈಮುಗಿದದ್ದೂ ಉಂಟು. ಮಿಲಿಟರಿ ಹೋಟೆಲಿಗೆ ಹೋದರೆ ಅಲ್ಲಿ ಮುದ್ದೆ ಮಾರುತ್ತಿದ್ದರು. ಮುದ್ದೆಯನ್ನು ಯಾರಾದರೂ ಕೊಂಡು ತಿನ್ನುತ್ತಾರೆಯೇ? ನೀರನ್ನೋ ಬೆಂಕಿಯನ್ನೋ ಮಾರಿದ್ದರೂ ನಾನು ಅಷ್ಟು ದಂಗಾಗುತ್ತಿರಲಿಲ್ಲ. ಆಂಧ್ರದವರ ಹತ್ತಿರ ಚಟ್ನಿಪುಡಿಗೆ ತುಪ್ಪ ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಕಣ್ಣಲ್ಲಿ ಮೂಗಲ್ಲಿ ನೀರು ಕಿತ್ತುಕೊಂಡು ಬಂತು. ಲೈನ್ ಅಕ್ಕ ನಗುತ್ತಾ ಇನ್ನೊಂದು ಚಮಚ ಹಾಕಿಸಿದಳು. ಢಾಬಾದಲ್ಲಿ ಮಂಚದ ಮೇಲೆ ಕೂತು ತಿನ್ನಬೇಕು ಎಂದಾಗ ನಾನು ನಿಂತೇ ಇದ್ದೆ. ನಮ್ಮಲ್ಲಿ ಮಂಚದ ಮೇಲೆ ಊಟ ಕೊಡುವುದು ಇನ್ನು ಏಳಲಾರರು ಎಂಬಂಥ ರೋಗಿಗಳಿಗೆ ಮಾತ್ರ. ಸರ್ದಾರ್ಜಿ ಈರುಳ್ಳಿಯನ್ನು ಹಲಗೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು ಕೊಟ್ಟ. ಮೊರದಷ್ಟಗಲ ರೊಟ್ಟಿ ಬಂತು, ಅನ್ನದ ಸುಳಿವೇ ಇಲ್ಲ. ಅಪ್ಪನ ಹೊಲದಲ್ಲಿ, ನಾನು ಚಿಕ್ಕಂದಿನಲ್ಲಿ ಅವರೆಕಾಯಿ ಕಿತ್ತ ಜಾಗದಲ್ಲಿ, ಇಷ್ಟೊಂದು ಥರದ ಜನ ಇಷ್ಟೊಂದು ಥರದಲ್ಲಿ ಹೊಟ್ಟೆ ತುಂಬಿಕೊಳ್ಳುತ್ತಿದ್ದಾರೆ ಎಂಬುದೇ ನನಗೆ ನಂಬಲಾಗದ ಸಂಗತಿಯಾಗಿತ್ತು.

ಕೇರಳದವರ ಮೆಸ್ಸಿಗೆ ಹೋದದ್ದು ಕೊನೆಗೆ, ತಳವೂರಿದ್ದೂ ಅಲ್ಲಿಯೇ. ಮೊದಲ ದಿನ ಅಲ್ಲಿ ನನ್ನ ಮಾನ ಹೋಯಿತು. ಕೂತ ಕೂಡಲೆ ಲೋಟದಲ್ಲಿ ನಸುಗೆಂಪು ಬಣ್ಣದ ಬಿಸಿನೀರು ತಂದಿಟ್ಟರು. ಕೈ ತೊಳೆಯಲು ಕೊಟ್ಟಿದ್ದಾರೆಂದು ನಾನು ಐದೂ ಬೆರಳು ಅದ್ದಿದೆ. ಬೆಂಚಿನ ತುಂಬ ನಗು. ಅದು ಅವರು ಕುಡಿಯುವ ನೀರು, ಯಾವುದೋ ಮರದ ಚಕ್ಕೆ ಹಾಕಿ ಕುದಿಸಿದ್ದಂತೆ. ಎಲ್ಲರೂ ಚೇಚಿ ಎಂದು ಕರೆಯುತ್ತಿದ್ದ ಆ ಮೆಸ್ಸಿನ ಹೆಂಗಸು ಮಾತ್ರ ನಗದೆ ಬೇರೆ ಲೋಟ ತಂದಿಟ್ಟಳು. ದಪ್ಪ ಕೆಂಪು ಅನ್ನ, ಹುಣಿಸೆಯಂಥದೇನೋ ಹಾಕಿದ ಮೀನು ಸಾರು, ಬೇಯಿಸಿದ ಮರಗೆಣಸು. ಕೊಬ್ಬರಿ ಎಣ್ಣೆಯ ವಾಸನೆಗೆ ನನಗೆ ಅದು ಅಡುಗೆಯೋ ತಲೆಗೆ ಹಚ್ಚುವುದೋ ಎಂದು ಗೊತ್ತಾಗಲಿಲ್ಲ. ಆದರೂ ಎರಡು ಸಲ ಅನ್ನ ಹಾಕಿಸಿಕೊಂಡೆ.

ಬೇರೆ ಕಡೆಯೆಲ್ಲ ಸ್ಟೀಲ್ ತಟ್ಟೆ, ತಿಂದು ಎದ್ದರೆ ಯಾರೋ ತೆಗೆಯುತ್ತಿದ್ದರು. ಮೆಸ್ಸಿನಲ್ಲಿ ಬಾಳೆ ಎಲೆ. ಅಡುಗೆಗೂ ಬಡಿಸುವುದಕ್ಕೂ ಗಂಡ ಹೆಂಡತಿ ಇಬ್ಬರೇ ಆದ್ದರಿಂದ ಗೋಡೆಗೆ ಒಂದು ಬೋರ್ಡು ಹಾಕಿದ್ದರು. ನಾಲ್ಕು ಭಾಷೆಯಲ್ಲಿ, ಕನ್ನಡದಲ್ಲಿ ಕಾಗುಣಿತ ಕೆಡಿಸಿಕೊಂಡು, ನಿಮ್ಮ ಎಲೆ ನೀವೇ ಎತ್ತಬೇಕು ಎಂದು ಬರೆದಿತ್ತು. ಬಾಗಿಲ ಪಕ್ಕ ಬಿದಿರಿನ ದೊಡ್ಡ ಬುಟ್ಟಿ. ಫೋರ್‌ಮನ್ನುಗಳೂ ಎತ್ತುತ್ತಿದ್ದರು, ಲೋಡಿಂಗಿನವರೂ ಎತ್ತುತ್ತಿದ್ದರು. ಬೋರ್ಡನ್ನು ನಾನೂ ಓದಿದ್ದೆ. ಅದು ಬೇರೆಯವರಿಗೆ ಬರೆದದ್ದು ಎಂಬಂತೆ ಓದಿದ್ದೆ.

ಅದಾಗಿ ಒಂದು ತಿಂಗಳಿರಬೇಕು. ಚೇಚಿಯ ಮೆಸ್ಸಿನಲ್ಲಿ ಶೀಟು ಬಿರುಕು ಬಿಟ್ಟು ಬಿಸಿಲು ನೇರವಾಗಿ ಒಲೆಯ ಮೇಲೆ ಬೀಳುತ್ತದೆ, ಮಳೆಗಾಲಕ್ಕೆ ಮೊದಲು ಹಾಕಿಸಿಕೊಡಿ ಎಂದು ಅವರು ಅಪ್ಪನಿಗೆ ಹೇಳಿಕಳಿಸಿದ್ದರು. ನನಗೆ ಅದು ಗೊತ್ತಿರಲಿಲ್ಲ. ಅಂದು ಲೈನ್ ಅಕ್ಕನ ಜೊತೆ ಊಟ ಮುಗಿಸಿ ಎದ್ದು ಕೈ ತೊಳೆದು ತಿರುಗಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದಾನೆ. ಹೆಗಲ ಮೇಲೆ ಟವಲು, ಕಂಕುಳಲ್ಲಿ ಕೊಡೆ. ಕೆಲಸ ಹೋಯಿತು, ಇನ್ನು ಮದುವೆಯಾಗುವ ತನಕ ಅಡುಗೆಮನೆ ಎಂದುಕೊಂಡೆ.

ಅಪ್ಪ ನನ್ನನ್ನು ನೋಡಿದ. ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಅವನ ಕಣ್ಣು ನನ್ನ ಪಕ್ಕಕ್ಕೆ ಹೋಯಿತು. ನಮ್ಮೂರಿನವಳು ಬುಟ್ಟಿಯ ಕಡೆ ನಡೆಯುತ್ತಿದ್ದಳು. ಅವಳ ಎರಡೂ ಕೈಯಲ್ಲಿ ಎಲೆ ಇತ್ತು. ಒಂದಲ್ಲ, ಎರಡು. ಕೆಳಗೆ ಅವಳದು, ಅದರ ಮೇಲೆ ನನ್ನದು.

ಅಪ್ಪನ ಮುಖ ಸಡಿಲವಾಯಿತು. ನಾನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದರೆ ಅವನು ನಕ್ಕ. ಚೇಚಿಯ ಕಡೆ ತಿರುಗಿ, ಹೊಲದಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ, ಒಂದು ಚೂರೂ ಕೋಪವಿಲ್ಲದೆ ಹೇಳಿದ. "ಓ, ಇವ್ಳೂ ಇಲ್ಲೇ ಅವ್ಳಾ. ನಮ್ಮ್ ಇತ್ಲು ಕೆಲ್ಸದೋಳ ಮಗ್ಳು ಕಣಮ್ಮ, ಕೆಳಗೇರಿಯೋಳು. ನಮ್ಮನೆ ಎಂಜ್ಲೆಲೆ ಎತ್ತೋದು ಇವ್ರೇಯ, ಅಜ್ಜಿ ಕಾಲ್ದಿಂದ್ಲೂ. ಅವ್ವನಂಗೇ ಕಲ್ತವ್ಳೆ."

ಬೆಂಚಿನ ಮೇಲಿದ್ದವರ ಕೈ ನಿಂತವು. ಅವಳು ಕೂತಿದ್ದ ಜಾಗದ ಆಚೆ ಪಕ್ಕದಲ್ಲಿ ಒಬ್ಬ ಉಣ್ಣುತ್ತಿದ್ದ, ದಿನಾ ಅಲ್ಲಿಯೇ ಕೂರುವವನು, ಒಮ್ಮೆ ಅವಳಿಗೆ ಉಪ್ಪಿನಕಾಯಿ ಭರಣಿಯನ್ನು ತಾನೇ ದಾಟಿಸಿದ್ದವನು. ಅವನು ತನ್ನ ನಸುಗೆಂಪು ನೀರಿನ ಲೋಟವನ್ನು ಒಂದು ಗೇಣು ತನ್ನ ಕಡೆಗೆ ಎಳೆದುಕೊಂಡ, ಅಷ್ಟೇ. ಅವಳು ಅದನ್ನು ನೋಡಿದಳು. ಎರಡೂ ಎಲೆಯನ್ನು ಬುಟ್ಟಿಗೆ ಹಾಕಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅಪ್ಪನ ಪಕ್ಕದಿಂದ ಗೋಡೆಗೆ ಒತ್ತಿಕೊಂಡು ಹೊರಗೆ ಹೋದಳು.

ನಾನು ನಿಂತೇ ಇದ್ದೆ. ಬಾಯಿ ಬಿಡುವುದಿಲ್ಲ ಎಂದು ಬಸ್ ಸ್ಟಾಪಿನಲ್ಲಿ ಮಾತು ಕೊಟ್ಟಿದ್ದೆ, ಬಾಯಿ ಬಿಟ್ಟಿರಲೂ ಇಲ್ಲ. ಆದರೂ ಇಡೀ ಮೆಸ್ಸಿಗೆ ಹೇಳಿದವಳು ನಾನೇ. ಒಂದು ತಿಂಗಳಿಂದ, ಬಂದ ಪ್ರತಿ ಸಲವೂ ಹೇಳುತ್ತಿದ್ದೆ. ತಿಂದು ಎದ್ದು ಹೋಗುತ್ತಿದ್ದೆ, ಅವಳು ಎತ್ತುತ್ತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ನನಗೂ ಯಾರೂ ಹೇಳಿರಲಿಲ್ಲ, ಕಾಲು ತಾನಾಗಿ ಏಳುತ್ತಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ್ದೆ. ಅದರಲ್ಲಿ ನೋಡುವಂಥದ್ದೇನಿದೆ ಎಂದು ಒಂದು ಸಲವೂ ಅನ್ನಿಸಿರಲಿಲ್ಲ. ಸಿಹಿ ಸಾಂಬಾರಿಗೆ ಬೆಚ್ಚಿದವಳು, ಮಂಚದ ಮೇಲಿನ ಊಟಕ್ಕೆ ಬೆಚ್ಚಿದವಳು, ಇದೊಂದಕ್ಕೆ ಬೆಚ್ಚಿರಲಿಲ್ಲ. ಅಂದು ಮಧ್ಯಾಹ್ನ ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆಯನ್ನು ಇಷ್ಟು ವರ್ಷದ ಮೇಲೂ ಬರೆಯಲು ಕಷ್ಟವಾಗುತ್ತದೆ.

ಕರೆಂಟು ಬಂದು ಯಂತ್ರ ತಿರುಗತೊಡಗಿದ ಮೇಲೆ ಲೈನ್ ಅಕ್ಕ ನನ್ನ ಹಿಂದೆ ಬಂದು ನಿಂತಳು. "ಅವಳು ನಿನ್ ಫ್ರೆಂಡ್, ಅದಕ್ಕೆ ಎತ್ತುತಾಳೆ ಅಂತ ಅನ್ಕೊಂಡಿದ್ದೆ ನಾನು. ನಿಮ್ಮಪ್ಪ ಮಾತಾಡುವಾಗ ನಿನ್ ಬಾಯಲ್ಲಿ ಏನಿತ್ತಮ್ಮಾ?"

ನಾನು ಯಂತ್ರದ ಮೇಲೆ ಇನ್ನಷ್ಟು ಬಗ್ಗಿದೆ. ಅಂದು ಸುತ್ತಿದ ಸುರುಳಿಗಳೆಲ್ಲ ತಿರಸ್ಕೃತವಾಗಿ ವಾಪಸ್ಸು ಬಂದವು.

ಸಂಜೆ ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದ, ಅವ್ವ ಬಡಿಸುತ್ತಿದ್ದಳು. ನಾನು ಕಂಬದ ಹತ್ತಿರ ನಿಂತಿದ್ದೆ. ಅಪ್ಪ ನನ್ನನ್ನು ಬೈಯಲೇ ಇಲ್ಲ. "ಓಟ್ಲಿಗೆ ಓಗಿದ್ದು ತಪ್ಪೇಯ. ಆದ್ರೂ ಓಗ್ಲಿ ಬುಡು," ಎಂದ. "ನಮ್ಮನೆ ಆಳು ಒಬ್ಳು ಜೊತ್ಗವ್ಳಲ್ಲ, ಮರ್ವಾದೆ ಉಳ್ಕಂತದೆ."

ಆ ಮಾತಿಗೆ ಎಲ್ಲಿತ್ತೋ ಸಿಟ್ಟು. "ಅವ್ಳೂ ನಾನೂ ಮಾಡೋದು ಒಂದೇ ಕೆಲ್ಸ ಅಪ್ಪ. ಅವ್ಳೇ ನನಗಿಂತ ಚೆನ್ನಾಗಿ ಮಾಡ್ತಾಳೆ. ಇನ್ಮೇಲೆ ನನ್ನೆಲೆ ನಾನೇ ಎತ್ಕಂತೀನಿ."

ಅಪ್ಪ ತುತ್ತು ಹಿಡಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಯಾಕೆ, ಅವ್ಳಿಗೆ ಕೈ ಬಿದ್ದೋಗವಾ?"

ಅವ್ವ ಇನ್ನೊಂದು ಸೌಟು ಸಾರು ಬಿಟ್ಟಳು. ಅಪ್ಪ ಉಂಡು ಎದ್ದ, ಅವನ ತಟ್ಟೆಯನ್ನು ಎಂದಿನಂತೆ ನಾನೇ ತೆಗೆದೆ.

ಮಾರನೆಯ ದಿನದಿಂದ ಅವಳು ನಾನು ಹತ್ತುವ ಬಸ್ಸಿಗೆ ಬರಲಿಲ್ಲ, ಅದಕ್ಕೆ ಮುಂಚಿನದಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಯಂತ್ರದ ಮಗ್ಗುಲಲ್ಲಿ ಡಬ್ಬಿಯ ಮುಚ್ಚಳವನ್ನು ಎದೆಗೆ ಅಡ್ಡ ಹಿಡಿದು ಉಣ್ಣುತ್ತಿದ್ದಳು. ನಮ್ಮೂರ ಗೋಡೆಯ ಗೂಡನ್ನು ದಾಟಿ ಬಂದವಳನ್ನು ನಾನು ಇಲ್ಲಿ ಇನ್ನೊಂದು ಗೂಡಿಗೆ ತಳ್ಳಿದ್ದೆ. ಅವಳು ಮತ್ತೆ ಆ ಬೆಂಚಿಗೆ ಬರದೇ ಹೋದರೆ ಏನು ಗತಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕ್ಷಮೆ ಕೇಳುವ ಮಾತನ್ನು ಹತ್ತಾರು ಥರ ಜೋಡಿಸಿಕೊಂಡೆ. ಯಾವುದೂ ಬಾಯಿಗೆ ಬರಲಿಲ್ಲ.

ಕೊನೆಗೆ ಕರೆಂಟು ಹೋದ ಒಂದು ದಿನ ಅವಳ ಮುಂದೆ ಹೋಗಿ ನಿಂತೆ. "ನಂದು ತಪ್ಪಾಯ್ತು ಕಣೇ. ಮೆಸ್ಸಿಗೆ ಬರ್ತೀಯಾ?"

ಅವಳು ಡಬ್ಬಿಯ ಮುಚ್ಚಳ ಹಾಕುತ್ತಾ ಯೋಚನೆ ಮಾಡಿದಳು. "ಬತ್ತೀನಿ. ಜಾಗ ನಿಮ್ಮಪ್ಪಂದಾದ್ರೂ ಅನ್ನ ಚೇಚೀದು," ಎಂದಳು.

ಒಳಗೆ ಹೋದಾಗ ನಾನು ಮಾಮೂಲಿ ಜಾಗದಲ್ಲಿ ಕೂತು ಪಕ್ಕದಲ್ಲಿ ಜಾಗ ಬಿಟ್ಟೆ. ಅವಳು ಅಲ್ಲಿ ಕೂರಲಿಲ್ಲ. ಮೇಜನ್ನು ಸುತ್ತು ಹಾಕಿ ಹೋಗಿ ನನ್ನ ಎದುರು ಕೂತಳು. ಲೋಟ ಎಳೆದುಕೊಂಡಿದ್ದ ಮನುಷ್ಯ ಅಂದೂ ಇದ್ದ, ತಲೆ ಎತ್ತಲಿಲ್ಲ. ಚೇಚಿ ಎಲೆ ತಂದವಳು ಮೊದಲು ಅವಳ ಮುಂದೆ ಹಾಸಿದಳು, ಮೀನನ್ನೂ ಮೊದಲು ಅವಳಿಗೇ ಬಡಿಸಿದಳು, ಆಮೇಲೆ ನಮಗೆ. ಜೊತೆಗೆ ಬಂದಿದ್ದ ಲೈನ್ ಅಕ್ಕ ಏನೂ ಆಗಿಲ್ಲವೆಂಬಂತೆ ಗಣಿ ಕಡೆಯ ಯಾವುದೋ ಮದುವೆಯ ಕತೆ ಹೇಳಿದಳು. ನಮ್ಮೂರಿನವಳು ಒಂದೆರಡು ಸಲ ನಕ್ಕಳು ಕೂಡ, ಲೈನ್ ಅಕ್ಕನ ಮುಖ ನೋಡಿ.

ನಾನು ಬೇಗ ಬೇಗ ಉಂಡೆ. ಏನು ಮಾಡಬೇಕೆಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಅವಳ ಕೊನೆಯ ತುತ್ತು ಮುಗಿದ ಕೂಡಲೆ ಎದ್ದು, ಮೇಜಿನ ಮೇಲಿಂದ ಬಗ್ಗಿ, ಅವಳ ಎಲೆಯ ತುದಿಗೆ ಕೈ ಹಾಕಿದೆ. ನನ್ನ ಮನಸ್ಸಿನಲ್ಲಿ ಆ ಕ್ಷಣಕ್ಕೆ ಏನೋ ದೊಡ್ಡಸ್ತಿಕೆ ಇತ್ತು, ಒಪ್ಪಿಕೊಳ್ಳುತ್ತೇನೆ. ಎಲ್ಲರೂ ನೋಡಲಿ ಎಂಬ ಆಸೆಯೂ ಇತ್ತು.

ಅವಳು ಎಂಜಲು ಕೈಯನ್ನೇ ಎಲೆಯ ಮೇಲೆ ಅಗಲವಾಗಿ ಊರಿದಳು. ಎಲೆ ಅಲುಗಲಿಲ್ಲ.

"ಬುಡಿ," ಎಂದಳು. ಗಟ್ಟಿಯಾಗಿ ಅಲ್ಲ. "ನಂದು ನಂಗೆ ಎತ್ತಕ್ಕೆ ಬತ್ತದೆ. ನಿಮ್ದು ನೀವು ಎತ್ಕಳಿ, ಸಾಕು."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನನ್ನ ಎಲೆಯ ಕಡೆ ತಿರುಗಿದೆ. ಮನೆಯಲ್ಲಿ ಅಪ್ಪನ, ಅಣ್ಣಂದಿರ ತಟ್ಟೆ ತೆಗೆದಿದ್ದೆ, ತೊಳೆದಿದ್ದೆ. ಆದರೆ ನಾನು ಉಂಡ ಎಲೆಯನ್ನು ಹತ್ತು ಜನರ ಮುಂದೆ ಎತ್ತಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಹೇಗೆ ಹಿಡಿಯಬೇಕೆಂದು ಗೊತ್ತಾಗದೆ ಎರಡು ತುದಿ ಹಿಡಿದು ಎತ್ತಿಬಿಟ್ಟೆ. ಎಲೆ ನಡುವೆ ಜೋತುಬಿದ್ದು ಉಳಿದ ಮೀನು ಸಾರೆಲ್ಲ ನನ್ನ ಸೀರೆಯ ಮೇಲೆ ಇಳಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಮೊದ್ಲು ಮಡಚ್ಬೇಕು," ಎಂದಳು ಅವಳು. ತನ್ನ ಎಲೆಯನ್ನು ನಿಧಾನವಾಗಿ ಒಳಕ್ಕೆ ಮಡಚಿ, ಕೆಳಗೆ ಅಂಗೈ ಕೊಟ್ಟು ಎತ್ತಿ ತೋರಿಸಿದಳು, ಶಾಲೆಯಲ್ಲಿ ನನಗೆ ಬಾರದ ಲೆಕ್ಕವನ್ನು ಮಾಡಿ ತೋರಿಸುತ್ತಿದ್ದ ಹಾಗೆಯೇ. ನಾನೂ ಹಾಗೆಯೇ ಮಡಚಿದೆ. ಒಬ್ಬರ ಹಿಂದೊಬ್ಬರು ಹೋಗಿ ಬುಟ್ಟಿಗೆ ಹಾಕಿ ಬಂದೆವು.

ಆಮೇಲೆ ಎರಡು ವರ್ಷ ಆ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿದೆವು. ಬಸ್ಸಿನಲ್ಲಿಯೂ ಮತ್ತೆ ಒಟ್ಟಿಗೇ ಬರತೊಡಗಿದಳು, ಮಾತಿಗೇನೂ ಕಡಿಮೆ ಇರಲಿಲ್ಲ. ಕರೆಂಟು ಹೋದ ದಿನವೆಲ್ಲ ಮೆಸ್ಸಿಗೆ ಹೋದೆವು. ನಾನು ಪ್ರತಿ ಸಲವೂ ನನ್ನ ಪಕ್ಕ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತಿದ್ದೆ. ಅವಳು ಪ್ರತಿ ಸಲವೂ ಮೇಜು ಸುತ್ತಿಕೊಂಡು ಹೋಗಿ ಎದುರು ಕೂರುತ್ತಿದ್ದಳು.